ವೆಬ್‌ಸೈಟಿನ ಫಾರ್ಮಿಗೊಂದು ತಡಬೆ: ಮನುಷ್ಯರು ದಾಟಲಿ, ಯಂತ್ರ ಹೊರಗಿರಲಿ

ಆಲ್ದೂರಿನ ಆಚೆ ನಮ್ಮ ಅತ್ತಿಗೆಯದೊಂದು ಹೋಂಸ್ಟೇ ಇದೆ. ನಾಲ್ಕೇ ಕೋಣೆ, ಮುಂದೆ ಕಾಫಿ ಒಣಗಿಸುವ ಕಣ. ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಕಣದ ಮೂಲೆಯ ಹಲಸಿನ ಮರದ ಬುಡದಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ. ಕಳೆದ ದೀಪಾವಳಿಗೆ ಹತ್ತು ದಿನ ಇದ್ದಾಗ ಅವರು ಅಲ್ಲಿ ನಿಂತು ಮೇಲ್ ತೆರೆದರೆ, ವೆಬ್‌ಸೈಟಿನ ವಿಚಾರಣೆ ಫಾರ್ಮಿನಿಂದ ಒಂದೇ ರಾತ್ರಿಯಲ್ಲಿ 340 ಸಂದೇಶ ಬಂದು ಕೂತಿದ್ದವು. "ಇದೇನೋ ಮಾರಾಯ, ಊರಿಗೆ ಊರೇ ನಮ್ಮನೆಗೆ ಬರ್ತಿದೆಯಾ?" ಅಂತ ನನಗೆ ಫೋನ್ ಮಾಡಿದರು. ಚಿಕ್ಕಮಗಳೂರಿನಲ್ಲಿ ಕೂತು ಇಂಥ ಸಣ್ಣ ವೆಬ್‌ಸೈಟುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಒಂದು ಸಂದೇಶ ತೆರೆದು ನೋಡಿದೆ. ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಹದಿನೈದು ಅಕ್ಷರ. ಫೋನಿನ ಜಾಗದಲ್ಲಿ 8ರಿಂದ ಶುರುವಾಗುವ ಹನ್ನೊಂದು ಅಂಕಿ. 'ಎಷ್ಟು ಜನ' ಎಂಬಲ್ಲಿ ಮತ್ತೆ ಅದೇ ಹನ್ನೊಂದು ಅಂಕಿ. ಊಟಕ್ಕೆ ವೆಜ್, ನಾನ್‌ವೆಜ್ ಎರಡಕ್ಕೂ ಟಿಕ್. ಕೊನೆಗೆ ರಷ್ಯನ್ ಲಿಪಿಯಲ್ಲಿ ನಾಲ್ಕು ಸಾಲು, ಎರಡು ಲಿಂಕು. ಉಳಿದವೂ ಬಹುತೇಕ ಹೀಗೇ ಇದ್ದವು.

ಬಹುತೇಕ ಎಂದೆ, ಎಲ್ಲವೂ ಅಲ್ಲ. ಅದೇ ರಾಶಿಯಲ್ಲಿ ಹುಬ್ಬಳ್ಳಿಯ ಒಂದು ಕುಟುಂಬದ ಸಂದೇಶವೂ ಇತ್ತು: 11 ಜನ, ಎರಡು ರಾತ್ರಿ, "ಅಜ್ಜಿಗೆ ಮೆಟ್ಟಿಲು ಹತ್ತಾಕ ಆಗಂಗಿಲ್ಲ, ಕೆಳಗಿನ ರೂಮು ಸಿಗ್ತದೇನ್ರಿ?" ಅದು ಅತ್ತಿಗೆಯ ಕಣ್ಣಿಗೆ ಬಿದ್ದದ್ದು ನಾಲ್ಕು ದಿನದ ಮೇಲೆ. ಅಷ್ಟು ಹೊತ್ತಿಗೆ ಅವರು ಬೇರೆ ಕಡೆ ಗೊತ್ತು ಮಾಡಿಕೊಂಡಾಗಿತ್ತು.

ಕಸ ಬಂದು ಬೀಳುವುದಷ್ಟೇ ಆಗಿದ್ದರೆ ಅಳಿಸಿ ಸುಮ್ಮನಾಗಬಹುದಿತ್ತು. ಕಸದಡಿ ನಿಜವಾದ ಪತ್ರ ಹೂತುಹೋಗುತ್ತದಲ್ಲ, ನಷ್ಟ ಇರುವುದು ಅಲ್ಲಿ. ಈಗ ನಮ್ಮ ಜಿಲ್ಲೆಯಲ್ಲಿ ಹೋಂಸ್ಟೇಗಳಿಗಷ್ಟೇ ಅಲ್ಲ, ಕಾಫಿಪುಡಿಯನ್ನು ನೇರ ಮಾರುವ ತೋಟದವರಿಗೆ, ಶಾಲೆಗಳಿಗೆ, ದೇವಸ್ಥಾನಗಳಿಗೆ, ಜೀಪ್ ಬಾಡಿಗೆ ಕೊಡುವವರಿಗೆ ಎಲ್ಲರಿಗೂ ಒಂದೊಂದು ವೆಬ್‌ಸೈಟು, ಅದರಲ್ಲೊಂದು ಫಾರ್ಮು ಇದೆ. ಹಾಗಾಗಿ ಈ ಕಾಟ ಎಲ್ಲಿಂದ ಬರುತ್ತದೆ, ತಡೆಯುವುದು ಹೇಗೆ ಎಂಬುದನ್ನು ಬುಡದಿಂದ ಬಿಡಿಸಿ ಹೇಳುತ್ತೇನೆ.

## ಫಾರ್ಮ್ ಅಂದರೆ ಏನು, ಬಾಟ್ ಅಂದರೆ ಯಾರು

ನೀವು ಮೊಬೈಲಿನಲ್ಲಿ ಒಂದು ವೆಬ್‌ಪುಟ ತೆರೆದಾಗ, ಆ ಪುಟ ಇರುವ ದೂರದ ಕಂಪ್ಯೂಟರು, ಅಂದರೆ ಸರ್ವರ್, ನಿಮಗೆ ಒಂದು ಬರಹದ ಚೀಟಿ ಕಳಿಸುತ್ತದೆ. 'ಇಲ್ಲೊಂದು ಚಿತ್ರ ತೋರಿಸು, ಇಲ್ಲಿ ಹೆಸರಿನ ಖಾನೆ ಇಡು, ಇಲ್ಲಿ ಫೋನಿನ ಖಾನೆ ಇಡು, ಕಳಿಸು ಎಂದು ಒತ್ತಿದರೆ ತುಂಬಿದ್ದನ್ನೆಲ್ಲ ಈ ವಿಳಾಸಕ್ಕೆ ತಲುಪಿಸು' ಎಂಬಂಥ ಸೂಚನೆಗಳು ಆ ಚೀಟಿಯಲ್ಲಿರುತ್ತವೆ. ಅದನ್ನು ಓದಿ ನಮ್ಮ ಕಣ್ಣಿಗೆ ಚಂದ ಕಾಣುವ ಹಾಗೆ ಮಾಡಿಕೊಡುವುದು ಬ್ರೌಸರಿನ ಕೆಲಸ.

ಬಾಟ್ ಎಂದರೆ ತಾನಾಗಿ ಓಡುವ ಒಂದು ಪ್ರೋಗ್ರಾಮು. ಎಲ್ಲ ಬಾಟ್‌ಗಳೂ ಕೆಟ್ಟವಲ್ಲ. ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ಹೋಂಸ್ಟೇ ಸಿಗುವುದು, ಅದರ ಬಾಟ್ ಬಂದು ನಿಮ್ಮ ಪುಟ ಓದಿಕೊಂಡು ಹೋಗಿರುವುದರಿಂದಲೇ. ಸ್ಪ್ಯಾಮ್, ಅಂದರೆ ಯಾರೂ ಕೇಳದ ಕಸದ ಸಂದೇಶ, ಕಳಿಸುವ ಬಾಟ್ ಕೂಡ ಹಾಗೇ ಒಂದು ಲಿಂಕಿನಿಂದ ಇನ್ನೊಂದು ಲಿಂಕಿಗೆ ಹಾರುತ್ತ ಪುಟ ಓದುತ್ತದೆ. ಆದರೆ ಅದಕ್ಕೆ ನಿಮ್ಮ ಕೋಣೆಯ ಫೋಟೋ ಬೇಡ, ಮುಳ್ಳಯ್ಯನಗಿರಿ ಎಷ್ಟು ದೂರ ಎಂಬುದೂ ಬೇಡ. ಚೀಟಿಯಲ್ಲಿ 'ಫಾರ್ಮ್' ಎಂಬ ಪದ ಎಲ್ಲಿದೆ ಎಂದಷ್ಟೇ ನೋಡುತ್ತದೆ. ಸಿಕ್ಕಿದ ಕೂಡಲೇ ಖಾನೆಗಳ ಹೆಸರು ಓದಿ, ಒಂದೊಂದರಲ್ಲೂ ಏನಾದರೂ ತುಂಬಿ ಕಳಿಸುತ್ತದೆ. ಇಷ್ಟಕ್ಕೆ ಒಂದು ಸೆಕೆಂಡೂ ಬೇಡ. ಕಳಿಸಬೇಕಾದ ವಿಳಾಸವನ್ನು ಒಮ್ಮೆ ಬರೆದಿಟ್ಟುಕೊಂಡರೆ ಮುಂದಿನ ಸಲ ಪುಟಕ್ಕೂ ಬರುವುದಿಲ್ಲ. ನೇರ ಅಲ್ಲಿಗೇ ಸುರಿಯುತ್ತದೆ. ತೋಟದ ಗೇಟಿಗೆ ಕಟ್ಟಿದ ಕಾಗದದ ಡಬ್ಬಿಗೆ, ಮನೆ ಯಾರದು ಎಂದೂ ನೋಡದೆ, ರಸ್ತೆಯುದ್ದಕ್ಕೂ ಎಲ್ಲ ಡಬ್ಬಿಗಳಿಗೆ ಜಾಹೀರಾತು ತುರುಕಿಕೊಂಡು ಹೋಗುವವನ ಹಾಗೆ.

ಅತ್ತಿಗೆ ಮೊದಲು ಕೇಳಿದ್ದು, "ನಮ್ಮ ಮೇಲೆ ಯಾರಿಗೋ ಹೊಟ್ಟೆಕಿಚ್ಚಾ?" ಅಂತ. ಹಾಗೇನಿಲ್ಲ. ಆ ಯಂತ್ರಕ್ಕೆ ಆಲ್ದೂರು ಎಲ್ಲಿದೆ ಎಂದೇ ಗೊತ್ತಿಲ್ಲ.

## ಕಳಿಸಿದವರಿಗೆ ಇದರಿಂದ ಏನು ಸಿಗುತ್ತದೆ

ಸಂದೇಶ ಕಳಿಸಲು ಅವರಿಗೆ ತಗಲುವ ಖರ್ಚು ಇಲ್ಲವೆಂದರೂ ಆದೀತು. ಲಕ್ಷಾಂತರ ಫಾರ್ಮಿಗೆ ಕಳಿಸಿ ನಾಲ್ಕು ಜನ ಲಿಂಕು ಒತ್ತಿದರೂ ಗಿಟ್ಟುತ್ತದೆ. ಒಂದಷ್ಟು ಜನರ ಕಣ್ಣು ಇರುವುದು ಹುಡುಕಾಟದ ಪಟ್ಟಿಯ ಮೇಲೆ: ತಮ್ಮ ಲಿಂಕು ಹೆಚ್ಚು ಪುಟಗಳಲ್ಲಿ ಕಂಡರೆ ಪಟ್ಟಿಯಲ್ಲಿ ಮೇಲೇರುತ್ತೇವೆ ಎಂಬ ಲೆಕ್ಕ. ನಿಮ್ಮ ಫಾರ್ಮಿಗೆ ಬಂದದ್ದು ಎಲ್ಲೂ ಪ್ರಕಟವಾಗುವುದಿಲ್ಲ ಎಂಬುದು ಯಂತ್ರಕ್ಕೆ ತಿಳಿಯದು. ಇನ್ನೊಂದಷ್ಟು, ನಿಮ್ಮ ವೆಬ್‌ಸೈಟನ್ನು ಮೊದಲ ಪುಟಕ್ಕೆ ತರುತ್ತೇವೆ, ಸಾಲ ಕೊಡುತ್ತೇವೆ ಎಂಬ ವ್ಯಾಪಾರ.

ಎಚ್ಚರ ಬೇಕಾದದ್ದು ಬೇರೆ ಎರಡರ ಬಗ್ಗೆ.

ಒಂದು, ಬೆದರಿಕೆಯ ಸಂದೇಶ. 'ನಿಮ್ಮ ಪುಟದಲ್ಲಿ ನನ್ನ ಫೋಟೋ ಕದ್ದು ಹಾಕಿದ್ದೀರಿ, ಕೇಸು ಹಾಕುತ್ತೇನೆ, ಸಾಕ್ಷಿ ಈ ಲಿಂಕಿನಲ್ಲಿದೆ' ಎಂದಿರುತ್ತದೆ. ಗಾಬರಿಯಾಗಿ ಒತ್ತಿದರೆ ಮಾಹಿತಿ ಕದಿಯುವ ಪ್ರೋಗ್ರಾಮು ಕಂಪ್ಯೂಟರಿಗೆ ಇಳಿಯುತ್ತದೆ. ಇದೇ ಬಗೆಯ ಸಂದೇಶಗಳನ್ನು ಸಂಪರ್ಕ ಫಾರ್ಮುಗಳ ಮೂಲಕವೇ ಕಳಿಸಿ, ಬ್ಯಾಂಕಿನ ವಿವರ ಕದಿಯುವ ಐಸ್‌ಡ್‌ಐಡಿ ಎಂಬ ಪ್ರೋಗ್ರಾಮನ್ನು ಹರಡುತ್ತಿದ್ದಾರೆಂದು ಮೈಕ್ರೋಸಾಫ್ಟ್ 2021ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ಫಾರ್ಮಿನಿಂದ ಬಂದ ಮೇಲ್ ನಿಮ್ಮದೇ ವೆಬ್‌ಸೈಟಿನ ಹೆಸರಿನಲ್ಲಿ ಬರುವುದರಿಂದ ನಂಬಿಕೆ ಹುಟ್ಟುತ್ತದೆ. ಅದನ್ನೇ ಅವರು ಬಳಸಿಕೊಳ್ಳುವುದು. ಇಂಥ ಲಿಂಕು ಒತ್ತಬೇಡಿ, ಉತ್ತರವನ್ನೂ ಬರೆಯಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರಡನೆಯದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಅನೇಕ ಫಾರ್ಮುಗಳು, 'ನಮಸ್ಕಾರ, ನಿಮ್ಮ ವಿಚಾರಣೆ ತಲುಪಿದೆ' ಎಂದು ತುಂಬಿದವರ ಇಮೇಲಿಗೆ ತಾನಾಗಿ ಉತ್ತರ ಕಳಿಸುತ್ತವೆ. ಬಾಟ್ ಅಲ್ಲಿ ತನ್ನ ಇಮೇಲ್ ಹಾಕುವುದಿಲ್ಲ; ಯಾರೋ ಮೂರನೆಯವರದ್ದು ಹಾಕುತ್ತದೆ. ಹೆಸರಿನ ಖಾನೆಯಲ್ಲಿ 'ನಿಮಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ' ಎಂದು ಬರೆಯುತ್ತದೆ. ಆಗ ಏನಾಯಿತು? ಆ ಪಾಪದವರಿಗೆ ಮೋಸದ ಮೇಲ್ ಕಳಿಸಿದ್ದು ನಿಮ್ಮ ಹೋಂಸ್ಟೇ! ಹೀಗೆ ನಾಲ್ಕು ದಿನ ನಡೆದರೆ ಮೇಲ್ ಕಂಪನಿಗಳು ನಿಮ್ಮ ವೆಬ್‌ಸೈಟಿನ ವಿಳಾಸವನ್ನೇ ಅನುಮಾನಿಸಲು ಶುರುಮಾಡುತ್ತವೆ. ಆಮೇಲೆ ನಿಜವಾದ ಅತಿಥಿಗೆ ನೀವು ಬರೆದ ಉತ್ತರವೂ ಅವರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಅತ್ತಿಗೆಯ ಫಾರ್ಮಿನಲ್ಲಿ ಆ ತಾನಾಗಿ ಹೋಗುವ ಉತ್ತರವನ್ನು ನಾನು ಅವತ್ತೇ ನಿಲ್ಲಿಸಿದೆ. 'ತಲುಪಿದೆ' ಎಂಬ ಮಾತನ್ನು ತೆರೆಯ ಮೇಲೆ ತೋರಿಸಿದರೆ ಸಾಕು. ಮೇಲ್ ಕಳಿಸಲೇಬೇಕಿದ್ದರೆ ಅದರಲ್ಲಿ ಅವರು ತುಂಬಿದ ಹೆಸರು, ಬರಹ ಯಾವುದನ್ನೂ ಮತ್ತೆ ಹಾಕಬಾರದು.

## ತಡಬೆಯ ಎತ್ತರ ಎಷ್ಟಿರಬೇಕು

ಮಲೆನಾಡಿನ ಬೇಲಿಗಳಲ್ಲಿ ಕಾಲುದಾರಿ ಹಾಯುವ ಕಡೆ ತಡಬೆ ಇರುತ್ತದೆ. ಕೆಲವು ಕಡೆ ತಡಮೆ ಎನ್ನುತ್ತಾರೆ. ಬೇಲಿಯ ನಡುವೆ ಹತ್ತಿ ಇಳಿಯುವ ಮೆಟ್ಟಿಲಿನಂಥದ್ದು. ಮನುಷ್ಯರು ಕಾಲೆತ್ತಿಟ್ಟು ದಾಟುತ್ತಾರೆ, ದನಕ್ಕೆ ದಾಟಲು ಬರುವುದಿಲ್ಲ. ಬಾಗಿಲಿಲ್ಲ, ಬೀಗವಿಲ್ಲ, ಕಾಯುವ ಆಳೂ ಇಲ್ಲ. ಆದರೆ ಅದರ ಎತ್ತರ ಸರಿಯಾಗಿರಬೇಕು. ತೀರ ತಗ್ಗಾದರೆ ದನ ನುಗ್ಗುತ್ತದೆ. ತೀರ ಎತ್ತರವಾದರೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದವಳೂ ಆಚೆಯೇ ನಿಲ್ಲಬೇಕಾಗುತ್ತದೆ.

ಫಾರ್ಮಿಗೆ ಬೇಕಾದದ್ದೂ ಇಂಥದ್ದೇ. ಸ್ಪ್ಯಾಮ್ ತಡೆಯುವ ಉಪಾಯ ಯಾವುದೇ ಇರಲಿ, ಎರಡು ಪ್ರಶ್ನೆ ಕೇಳಬೇಕು: ಯಂತ್ರ ನಿಲ್ಲುತ್ತದೆಯೇ? ಹುಬ್ಬಳ್ಳಿಯ ಆ ಕುಟುಂಬ ದಾಟುತ್ತದೆಯೇ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

## ಕಣ್ಣಿಗೆ ಬೀಳದ ಕಾವಲು

ಅತಿಥಿಗೆ ಗೊತ್ತೇ ಆಗದ ಹಾಗೆ ನಡೆಯುವ ಪರೀಕ್ಷೆಗಳು ಕೆಲವಿವೆ. ನನ್ನ ಅನುಭವದಲ್ಲಿ ಸಣ್ಣ ವೆಬ್‌ಸೈಟಿನ ಹೆಚ್ಚಿನ ಕಾಟ ಇವುಗಳಲ್ಲೇ ಇಳಿಯುತ್ತದೆ.

ಮೊದಲನೆಯದಕ್ಕೆ ಹನಿಪಾಟ್ ಎನ್ನುತ್ತಾರೆ, ಜೇನಿನ ಗಡಿಗೆ ಎಂದು ಅರ್ಥ. ನಮ್ಮ ಕಡೆಯವರಿಗೆ ಬೇರೆ ಹೋಲಿಕೆ ಹತ್ತಿರವಾದೀತು. ಕಾಫಿ ತೋಟದಲ್ಲಿ ಬೆರ್ರಿ ಬೋರರ್ ಹುಳಕ್ಕೆ ಬಲೆ ಕಟ್ಟುವುದನ್ನು ನೋಡಿರುತ್ತೀರಿ. ಒಳಗೆ ಮದ್ಯಸಾರದ ವಾಸನೆಯ ಸಣ್ಣ ಸೀಸೆ. ವಾಸನೆ ಹಿಡಿದು ಬಂದ ಹುಳ ಕೆಳಗಿನ ನೀರಿಗೆ ಬೀಳುತ್ತದೆ. ಹಣ್ಣು ಬಿಡಿಸುವವರಿಗೆ ಆ ಬಲೆಯಿಂದ ಯಾವ ತೊಂದರೆಯೂ ಇಲ್ಲ. ಫಾರ್ಮಿನಲ್ಲೂ ಹಾಗೇ ಒಂದು ಹೆಚ್ಚುವರಿ ಖಾನೆ ಇಡುತ್ತಾರೆ. ಚೀಟಿಯಲ್ಲಿ ಅದು ಇರುತ್ತದೆ, ಆದರೆ ತೆರೆಯ ಮೇಲೆ ಕಾಣದ ಹಾಗೆ ಬದಿಗೆ ಸರಿಸಿರುತ್ತಾರೆ. ಮನುಷ್ಯರಿಗೆ ಅದು ಕಾಣುವುದೇ ಇಲ್ಲ, ಹಾಗಾಗಿ ಖಾಲಿ ಉಳಿಯುತ್ತದೆ. ಸಿಕ್ಕಿದ ಖಾನೆಯನ್ನೆಲ್ಲ ತುಂಬುವ ಚಾಳಿಯ ಬಾಟ್ ಅದನ್ನೂ ತುಂಬುತ್ತದೆ. ತುಂಬಿದ್ದರೆ ಅದು ಯಂತ್ರ.

ಇದರಲ್ಲಿ ಸೂಕ್ಷ್ಮಗಳಿವೆ. ಕಣ್ಣು ಕಾಣದವರು ಬಳಸುವ, ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಆ ಅಡಗಿದ ಖಾನೆಯೂ ಕೇಳಿಸಬಹುದು. ಆದ್ದರಿಂದ ಅದಕ್ಕೆ ಕಾಣದ ಹಾಗೆ ಗುರುತು ಮಾಡಿ, ಜೊತೆಗೆ 'ಇದನ್ನು ಖಾಲಿ ಬಿಡಿ' ಎಂದೂ ಬರೆದಿಡಬೇಕು. ಇನ್ನೊಂದು, ಬಲೆಗೆ ಬಿದ್ದ ಬಾಟ್‌ಗೆ 'ನೀನು ಸಿಕ್ಕಿಬಿದ್ದೆ' ಎಂದು ಹೇಳಬಾರದು. ಎಲ್ಲರಿಗೂ ತೋರಿಸುವ ಧನ್ಯವಾದದ ಪುಟವನ್ನೇ ತೋರಿಸಿ ಕಳಿಸಬೇಕು. ತಪ್ಪು ಎಂದು ತೋರಿಸಿದರೆ ಅದನ್ನು ನಡೆಸುವವನು ತಿದ್ದಿಕೊಂಡು ಮತ್ತೆ ಬರುತ್ತಾನೆ.

ಎರಡನೆಯದು ಹೊತ್ತಿನ ಲೆಕ್ಕ. ಆರು ಖಾನೆ ತುಂಬಲು ಮನುಷ್ಯರಿಗೆ ಎಷ್ಟು ಬೇಗವೆಂದರೂ ಇಪ್ಪತ್ತು ಮೂವತ್ತು ಸೆಕೆಂಡು ಬೇಕು. ಬ್ರೌಸರು ಹೆಸರು, ಫೋನು ತಾನೇ ತುಂಬಿಕೊಟ್ಟರೂ ಏಳೆಂಟು ಸೆಕೆಂಡು ಹಿಡಿಯುತ್ತದೆ. ಪುಟ ಕೊಟ್ಟ ಹೊತ್ತನ್ನು ಸರ್ವರ್ ಗುರುತು ಹಾಕಿಟ್ಟು, ಮೂರು ನಾಲ್ಕು ಸೆಕೆಂಡಿನೊಳಗೆ ವಾಪಸು ಬಂದದ್ದನ್ನು ಬದಿಗಿಡುತ್ತದೆ. ಆ ಹೊತ್ತನ್ನು ಬರಿದೇ ಬರೆದರೆ ಬಾಟ್ ತಿದ್ದೀತು. ಅದಕ್ಕೆ ಸರ್ವರಿನ ಗುಟ್ಟಿನ ಮುದ್ರೆ ಒತ್ತಿರಬೇಕು.

ಮೂರನೆಯದು ಟೋಕನ್. ಬ್ಯಾಂಕಿನಲ್ಲಿ ಸರದಿಗೆ ಚೀಟಿ ಕೊಡುವುದಿಲ್ಲವೇ, ಹಾಗೆ ಪ್ರತಿ ಸಲ ಪುಟ ತೆರೆದಾಗಲೂ ಸರ್ವರ್ ಹೊಸದೊಂದು ಗುಟ್ಟಿನ ಸಂಖ್ಯೆ ಕೊಡುತ್ತದೆ. ಫಾರ್ಮಿನ ಜೊತೆ ಅದೂ ವಾಪಸು ಬರಬೇಕು, ಒಂದು ಸಂಖ್ಯೆ ಒಂದೇ ಸಲಕ್ಕೆ. ಪುಟ ತೆರೆಯದೆ ನೇರ ವಿಳಾಸಕ್ಕೆ ಸುರಿಯುವ ಬಾಟ್‌ಗಳ ಬಳಿ ಇದು ಇರುವುದಿಲ್ಲ, ಅಲ್ಲೇ ನಿಲ್ಲುತ್ತವೆ. ಟೋಕನ್ನಿನ ಆಯುಷ್ಯವನ್ನು ಮಾತ್ರ ಹತ್ತು ನಿಮಿಷಕ್ಕೆ ಇಡಬೇಡಿ. ಕಳಸ, ಶೃಂಗೇರಿ ಕಡೆ ಬಸ್ಸಿನಲ್ಲಿ ಕೂತು ಅರ್ಧ ತುಂಬಿ, ಘಾಟಿಯಲ್ಲಿ ಸಿಗ್ನಲ್ ಹೋಗಿ, ಊರು ಮುಟ್ಟಿದ ಮೇಲೆ ಕಳಿಸುವವರಿದ್ದಾರೆ. ಮೂರು ನಾಲ್ಕು ಗಂಟೆ ಇರಲಿ.

## ಕಾವಲು ಸರ್ವರಿನಲ್ಲೇ ಇರಬೇಕು

'ಫೋನ್ ನಂಬರು ಹತ್ತು ಅಂಕಿ ಇರಬೇಕು' ಎಂದು ಕೆಂಪಕ್ಷರದಲ್ಲಿ ಎಚ್ಚರಿಸುವ ಫಾರ್ಮುಗಳಿವೆ. ಆ ಪರೀಕ್ಷೆ ನಡೆಯುವುದು ತುಂಬುವವರ ಬ್ರೌಸರಿನಲ್ಲಿ. ಬಾಟ್ ಬ್ರೌಸರಿಗೇ ಬರದಿದ್ದರೆ ಅದನ್ನು ಕೇಳುವವರು ಯಾರು? ಬ್ರೌಸರಿನ ಪರೀಕ್ಷೆ ಅತಿಥಿಯ ಅನುಕೂಲಕ್ಕೆ. ಕಾವಲಿಗೆ ಸರ್ವರಿನಲ್ಲಿ ಅದೇ ಪರೀಕ್ಷೆ ಮತ್ತೆ ಆಗಬೇಕು. ಹೆಸರಿನಲ್ಲಿ ಲಿಂಕು ಇದೆಯೇ, 'ಎಷ್ಟು ಜನ' ಎಂಬುದಕ್ಕೆ ಹನ್ನೊಂದು ಅಂಕಿ ಬಂದಿದೆಯೇ, ಹೆಸರು ಅಥವಾ ಇಮೇಲಿನ ಖಾನೆಯಲ್ಲಿ ಹೊಸ ಸಾಲು ಸೇರಿಕೊಂಡಿದೆಯೇ ಎಂದು ನೋಡುವುದೂ ಅಲ್ಲೇ. ಈ ಕೊನೆಯದು ಸಣ್ಣದೆಂದು ಬಿಡಬೇಡಿ. ಹಳೆಯ ಫಾರ್ಮುಗಳಲ್ಲಿ ಹೀಗೆ ಒಂದು ಸಾಲು ಸೇರಿಸಿ, ನಿಮ್ಮ ಸರ್ವರಿನಿಂದಲೇ ಬೇರೆಯವರಿಗೆಲ್ಲ ಮೇಲ್ ಹೋಗುವ ಹಾಗೆ ಮಾಡಲು ಸಾಧ್ಯವಿದೆ.

## ಎಲ್ಲಿಂದ, ಎಷ್ಟು ಸಲ

ಅಂತರ್ಜಾಲಕ್ಕೆ ಸೇರಿದ ಪ್ರತಿಯೊಂದಕ್ಕೂ ಐಪಿ ವಿಳಾಸ ಎಂಬ ಸಂಖ್ಯೆ ಇರುತ್ತದೆ. ಒಂದೇ ವಿಳಾಸದಿಂದ ನಿಮಿಷಕ್ಕೆ ಇಪ್ಪತ್ತು ಸಂದೇಶ ಬಂದರೆ ಅದು ಪ್ರವಾಸಿಯಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಗಂಟೆಗೆ ಇಷ್ಟೇ ಎಂದು ಮಿತಿ ಹಾಕುವುದು ಒಳ್ಳೆಯದೇ. ಮಿತಿಯನ್ನು ತೀರ ಬಿಗಿ ಮಾಡಿದರೆ ತೊಂದರೆ, ಏಕೆಂದರೆ ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸುವುದುಂಟು. ಒಬ್ಬರ ತಪ್ಪಿಗೆ ಊರಿನವರೆಲ್ಲ ಹೊರಗಾಗುತ್ತಾರೆ. ಅತ್ತ ಸ್ಪ್ಯಾಮ್ ಕಳಿಸುವವರೂ, ವೈರಸ್ ಹೊಕ್ಕ ಸಾವಿರಾರು ಮನೆಗಳ ಕಂಪ್ಯೂಟರು, ರೌಟರು, ಕ್ಯಾಮೆರಾಗಳ ಮೂಲಕ ಕಳಿಸುತ್ತಾರೆ. ಆಗ ಒಂದೊಂದು ವಿಳಾಸದಿಂದ ಒಂದೊಂದೇ ಬರುತ್ತದೆ. ಅತ್ತಿಗೆಯ 340ರಲ್ಲಿ ಒಂದೇ ವಿಳಾಸದ ನಾಲ್ಕಕ್ಕಿಂತ ಹೆಚ್ಚು ನನಗೆ ಕಾಣಲಿಲ್ಲ.

ಹೊರದೇಶದ ವಿಳಾಸಗಳನ್ನೆಲ್ಲ ಮುಚ್ಚಿಬಿಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಡಿಸೆಂಬರಿನಲ್ಲಿ ಊರಿಗೆ ಬರುವ ದುಬೈ, ಅಮೆರಿಕದ ನಮ್ಮವರು ಎಲ್ಲಿಂದ ಬುಕ್ ಮಾಡಬೇಕು?

## 'ನಾನು ರೋಬೋ ಅಲ್ಲ'

ಎಲ್ಲರಿಗೂ ಗೊತ್ತಿರುವ ಉಪಾಯ ಕ್ಯಾಪ್ಚಾ. ಇದರ ಕಥೆ ಸ್ವಲ್ಪ ಹಳೆಯದು. ಯಂತ್ರ ಮನುಷ್ಯನ ಹಾಗೆ ಉತ್ತರಿಸಿದರೆ ಅದು ಯಂತ್ರವೆಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಗಣಿತಜ್ಞ ಆಲನ್ ಟ್ಯೂರಿಂಗ್ 1950ರಲ್ಲೇ ಎತ್ತಿದ್ದರು. 1997ರ ಹೊತ್ತಿಗೆ ಆಲ್ಟವಿಸ್ಟ ಎಂಬ ಹುಡುಕುತಾಣಕ್ಕೆ ನಮ್ಮ ಅತ್ತಿಗೆಗೆ ಬಂದ ಕಾಟವೇ ಬಂತು: ವೆಬ್ ವಿಳಾಸ ಸೇರಿಸುವ ಅದರ ಫಾರ್ಮಿಗೆ ಬಾಟ್‌ಗಳು ರಾಶಿ ರಾಶಿ ತುಂಬತೊಡಗಿದವು. ಅವರು ಸೊಟ್ಟ ಅಕ್ಷರಗಳ ಚಿತ್ರ ತೋರಿಸಿ, ಓದಿ ಬರೆಯಿರಿ ಎಂದರು. ಅಂದಿನ ಯಂತ್ರಗಳಿಗೆ ಅದು ಓದಲು ಬರುತ್ತಿರಲಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ಫಾನ್ ಆನ್, ಮ್ಯಾನುಯೆಲ್ ಬ್ಲಮ್ ಮತ್ತು ಜೊತೆಗಾರರು ಇದಕ್ಕೆ ಕ್ಯಾಪ್ಚಾ ಎಂದು ಹೆಸರಿಟ್ಟು 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಕಂಪ್ಯೂಟರನ್ನೂ ಮನುಷ್ಯರನ್ನೂ ಬೇರೆ ಮಾಡಿ ಗುರುತಿಸುವ, ತಾನಾಗಿ ನಡೆಯುವ ಪರೀಕ್ಷೆ ಎಂಬುದರ ಸಂಕ್ಷಿಪ್ತ ರೂಪ ಅದು.

2007ರಲ್ಲಿ ಅದೇ ತಂಡ ರೀಕ್ಯಾಪ್ಚಾ ತಂದಿತು. ಅದರಲ್ಲಿ ಜನ ಓದಿ ಬರೆಯುತ್ತಿದ್ದುದು ಹಳೆಯ ಪುಸ್ತಕ, ಪತ್ರಿಕೆಗಳ ಸ್ಕ್ಯಾನಿನಲ್ಲಿ ಯಂತ್ರ ಓದಲಾರದೆ ಬಿಟ್ಟ ಪದಗಳನ್ನು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳು ಹೀಗೆ ಕೋಟ್ಯಂತರ ಜನರ ಕೈಯಿಂದ ಡಿಜಿಟಲ್ ಆದವು. ಇದು ನನಗೆ ಇಂದಿಗೂ ಸೋಜಿಗವೆನಿಸುತ್ತದೆ. 2009ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. 2014ರಲ್ಲಿ 'ನಾನು ರೋಬೋ ಅಲ್ಲ' ಎಂಬ ಚೌಕ ಬಂತು. ಆ ಟಿಕ್ ಹಾಕಿದ್ದಕ್ಕೇ ಅದು ನಂಬುವುದಿಲ್ಲ; ಟಿಕ್ ಹಾಕುವವರೆಗಿನ ನಡವಳಿಕೆ, ಬ್ರೌಸರಿನ ಲಕ್ಷಣ, ವೆಬ್‌ಸೈಟುಗಳು ಹಿಂದೆ ಬ್ರೌಸರಿನಲ್ಲಿ ಬಿಟ್ಟುಹೋದ ಕುಕಿ ಎಂಬ ಗುರುತಿನ ಚೀಟಿಗಳನ್ನು ನೋಡಿ ಅಂದಾಜು ಮಾಡುತ್ತದೆ. ಅನುಮಾನ ಬಂದರೆ ಮಾತ್ರ ಚಿತ್ರಗಳ ಚೌಕಟ್ಟು ಮುಂದಿಡುತ್ತದೆ. 2018ರ ಮೂರನೆಯ ಆವೃತ್ತಿ ಏನೂ ಕೇಳದೆ ಹಿಂದೆ ಕೂತು 0ಯಿಂದ 1ರವರೆಗೆ ಅಂಕ ಕೊಡುತ್ತದೆ. 1ರ ಹತ್ತಿರವಿದ್ದರೆ ಮನುಷ್ಯರಿರಬಹುದು, 0ಯ ಹತ್ತಿರವಿದ್ದರೆ ಯಂತ್ರವಿರಬಹುದು. ಕ್ಲೌಡ್‌ಫ್ಲೇರ್ ಕಂಪನಿ 2022ರಲ್ಲಿ ತಂದ ಟರ್ನ್‌ಸ್ಟೈಲ್ ಕೂಡ ಚಿತ್ರ ಆರಿಸುವ ಒಗಟು ಇಲ್ಲದೆ ಇದೇ ಬಗೆಯ ಕೆಲಸ ಮಾಡುತ್ತದೆ.

ಹಾಗಾದರೆ ಚಿತ್ರದ ಒಗಟು ಹಾಕಿ ನಿಶ್ಚಿಂತೆಯಿಂದ ಇರಬಹುದೇ? ಇಲ್ಲಿ ತಡಬೆಯ ಲೆಕ್ಕ ತಲೆಕೆಳಗಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೊಟ್ಟ ಅಕ್ಷರದ ಒಗಟನ್ನು ಬಿಡಿಸುವುದರಲ್ಲಿ ಯಂತ್ರಗಳು ಮನುಷ್ಯರಿಗಿಂತ ವೇಗದಲ್ಲೂ ಮುಂದೆ, ನಿಖರತೆಯಲ್ಲೂ ಮುಂದೆ ಎಂದು ಕಂಡುಬಂತು. ಚಿತ್ರ ಆರಿಸುವ ಒಗಟನ್ನೂ ಯಂತ್ರದಿಂದಲೇ ಬಿಡಿಸಬಹುದೆಂದು 2024ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ತೋರಿಸಿದರು. ಅದೂ ಸಾಲದಿದ್ದರೆ, ಸಾವಿರ ಒಗಟಿಗೆ ಒಂದೆರಡು ಡಾಲರಿನ ಹಾಗೆ ಕೂಲಿಗೆ ಜನರಿಂದಲೇ ಬಿಡಿಸಿಕೊಡುವ ದಂಧೆಯೂ ಇದೆ.

ಇನ್ನು ಮನುಷ್ಯರ ಪಾಡು. 'ಫೈರ್ ಹೈಡ್ರಂಟ್ ಇರುವ ಚಿತ್ರಗಳನ್ನು ಆರಿಸಿ' ಎನ್ನುತ್ತದೆ. ಅಮೆರಿಕದ ಬೀದಿಯಲ್ಲಿ ನೆಟ್ಟಿರುವ, ಬೆಂಕಿ ಆರಿಸುವ ನೀರಿನ ಗಿಡ್ಡ ಕಂಬ ಅದು. ಮೂಡಿಗೆರೆಯ ಅರವತ್ತು ದಾಟಿದ ಅಮ್ಮನೊಬ್ಬರು ಅದನ್ನು ಎಲ್ಲಿ ನೋಡಿರಬೇಕು? ಸಣ್ಣ ತೆರೆ, ಮಂಕು ಚಿತ್ರ, ನಿಧಾನ ನೆಟ್‌ವರ್ಕು. ಎರಡು ಸಲ ತಪ್ಪಾದರೆ ಮೂರನೆಯ ಸಲ ಪ್ರಯತ್ನಿಸುವುದಿಲ್ಲ, ಪುಟ ಮುಚ್ಚುತ್ತಾರೆ. ನಿಮಗೆ ಅದು ತಿಳಿಯುವುದೂ ಇಲ್ಲ. ದೃಷ್ಟಿದೋಷ ಇರುವವರಿಗಂತೂ ಚಿತ್ರದ ಒಗಟು ಮುಚ್ಚಿದ ಬಾಗಿಲೇ. ಧ್ವನಿಯ ಪರ್ಯಾಯ ಇದ್ದರೂ ಅದನ್ನು ಕೇಳಿ ಬರೆಯುವುದು ಸುಲಭವಲ್ಲ. ಅದಕ್ಕೇ ಒಗಟು ಕೊನೆಯ ಅಸ್ತ್ರವಾಗಿರಬೇಕು, ಅದೂ ಅನುಮಾನ ಬಂದವರಿಗೆ ಮಾತ್ರ ಕಾಣುವ ಹಾಗೆ ಎಂದು ನಾನು ಒತ್ತಿ ಹೇಳುತ್ತೇನೆ. ಕಣ್ಣಿಗೆ ಕಾಣದ ಬಗೆಯ ಕ್ಯಾಪ್ಚಾ ಹಾಕಿದರೂ, ಬಂದವರ ಒಂದಷ್ಟು ಮಾಹಿತಿ ಹೊರಗಿನ ಕಂಪನಿಗೆ ಹೋಗುತ್ತದೆ ಎಂಬುದನ್ನು ನಿಮ್ಮ ಪುಟದಲ್ಲಿ ತಿಳಿಸಿರಿ. ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆ ಬಂದಿದೆ.

ಒಗಟಿನ ಬದಲು ಬೆವರು ಕೇಳುವ ಉಪಾಯವೂ ಒಂದಿದೆ. ಫಾರ್ಮ್ ಕಳಿಸುವ ಮುಂಚೆ ಬ್ರೌಸರಿಗೆ ಒಂದು ಲೆಕ್ಕ ಕೊಡುತ್ತಾರೆ, ಮಾಡಲು ಒಂದೆರಡು ಸೆಕೆಂಡು ಹಿಡಿಯುವಂಥದ್ದು. ಒಂದು ಸಂದೇಶ ಕಳಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ಲಕ್ಷ ಸಂದೇಶ ಕಳಿಸುವವನಿಗೆ ಲಕ್ಷ ಲೆಕ್ಕ, ಅಷ್ಟೇ ವಿದ್ಯುತ್ತು, ಅಷ್ಟೇ ಹೊತ್ತು. 1997ರಲ್ಲಿ ಆಡಂ ಬ್ಯಾಕ್ ಎಂಬವರು ಇಮೇಲ್ ಸ್ಪ್ಯಾಮಿಗೆಂದು ಸೂಚಿಸಿದ ಹ್ಯಾಶ್‌ಕ್ಯಾಶ್ ಇದೇ ಜಾಡಿನದು. ಹಳೆಯ ಮೊಬೈಲಿಗೆ ಭಾರವಾಗದಷ್ಟು ಹಗುರವಾಗಿ ಲೆಕ್ಕ ಕೊಡಬೇಕು, ಅಷ್ಟೇ.

## ತೇಲು ಹಣ್ಣನ್ನು ಚೆಲ್ಲುವುದಿಲ್ಲ

ಇಷ್ಟೂ ದಾಟಿ ಬಂದ ಸಂದೇಶದ ಒಳಗೇನಿದೆ ಎಂದು ಓದಿ ನಿರ್ಧರಿಸುವ ಸೋಸುಕಗಳಿವೆ. ಸ್ಪ್ಯಾಮ್ ಎಂದು ಗುರುತು ಹಾಕಿದ ಹಳೆಯ ಸಂದೇಶಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ, ಒಳ್ಳೆಯವುಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿಟ್ಟು, ಹೊಸ ಸಂದೇಶ ಯಾವ ಕಡೆಗೆ ವಾಲುತ್ತದೆ ಎಂದು ಸಂಭವದ ಲೆಕ್ಕ ಹಾಕುತ್ತವೆ. ಈ ಲೆಕ್ಕದ ಮೂಲ 18ನೆಯ ಶತಮಾನದ ಥಾಮಸ್ ಬೇಯ್ಸ್ ಅವರದ್ದು. 'ರೂಮು', 'ಊಟ', 'ಟ್ರೆಕ್ಕಿಂಗ್' ಬಂದರೆ ಒಳ್ಳೆಯ ಕಡೆಗೆ. 'ಸಾಲ', 'ಕ್ರಿಪ್ಟೊ', ಮೂರು ಲಿಂಕು ಬಂದರೆ ಕೆಟ್ಟ ಕಡೆಗೆ. 2005ರಿಂದ ಇರುವ ಅಕಿಸ್ಮೆಟ್‌ನಂಥ ಸೇವೆಗಳು ಬಹಳಷ್ಟು ವೆಬ್‌ಸೈಟುಗಳ ಅನುಭವ ಒಟ್ಟುಗೂಡಿಸಿ ಇದನ್ನು ಮಾಡಿಕೊಡುತ್ತವೆ.

ಒಂದು ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಿದೆ. ಸಿದ್ಧ ನಿಯಮಗಳ ಕೆಲವು ಪಟ್ಟಿಗಳಲ್ಲಿ 'ಇಂಗ್ಲಿಷ್ ಅಲ್ಲದ ಅಕ್ಷರ ಇದ್ದರೆ ಸ್ಪ್ಯಾಮ್' ಎಂಬುದೂ ಇರುತ್ತದೆ. ರಷ್ಯನ್ ಕಸ ತಡೆಯಲೆಂದು ಹಾಕಿದ್ದು ಕನ್ನಡದಲ್ಲಿ ಬರೆದವರನ್ನೂ ಹೊರಗೆ ಹಾಕುತ್ತದೆ. ಹುಬ್ಬಳ್ಳಿಯ ಆ ಕುಟುಂಬ ಬರೆದದ್ದು ಕನ್ನಡ ಲಿಪಿಯಲ್ಲೇ. ನಿಮ್ಮ ಫಾರ್ಮ್ ಮಾಡಿಕೊಟ್ಟವರನ್ನು ಇದೊಂದನ್ನು ತಪ್ಪದೆ ಕೇಳಿ. ಅಥವಾ ನೀವೇ ಕನ್ನಡದಲ್ಲಿ ಒಂದು ವಿಚಾರಣೆ ಬರೆದು ಕಳಿಸಿ, ಬರುತ್ತದೆಯೇ ನೋಡಿ.

ಸೋಸುಕ ಯಾವುದೇ ಇದ್ದರೂ, ಅನುಮಾನ ಬಂದದ್ದನ್ನು ಅಳಿಸಿಹಾಕಬಾರದು. ಕಾಫಿ ಹಣ್ಣನ್ನು ನೀರಿನ ತೊಟ್ಟಿಗೆ ಹಾಕಿದಾಗ ಜೊಳ್ಳು ತೇಲುತ್ತದೆ. ತೇಲಿದ್ದನ್ನು ತೆಗೆದು ಯಾರೂ ಚೆಲ್ಲುವುದಿಲ್ಲ, ಕಣದ ಬೇರೆ ಮೂಲೆಯಲ್ಲಿ ಒಣಗಿಸುತ್ತಾರೆ. ಫಾರ್ಮಿಗೂ ಹಾಗೊಂದು ಬೇರೆ ಪೆಟ್ಟಿಗೆ ಇರಬೇಕು, ವಾರಕ್ಕೊಮ್ಮೆ ಅದರ ಮೇಲೆ ಕಣ್ಣಾಡಿಸಬೇಕು.

## ಒಟಿಪಿ ಇಡಬಹುದಲ್ಲ?

ಫೋನಿಗೆ ಒಟಿಪಿ ಕಳಿಸಿ, ಅದನ್ನು ತುಂಬಿದರೆ ಮಾತ್ರ ವಿಚಾರಣೆ ಸ್ವೀಕರಿಸಬಹುದಲ್ಲ ಎಂದು ಅತ್ತಿಗೆ ಕೇಳಿದರು. ಒಂದೊಂದು ಎಸ್ಸೆಮ್ಮೆಸ್ಸಿಗೂ ದುಡ್ಡು ಕೊಡುವವರು ನೀವು. ಬಾಟ್ ಬಂದು ಒಂದೇ ನಂಬರಿಗೆ ಇನ್ನೂರು ಸಲ ಒಟಿಪಿ ಕೇಳಿದರೆ, ಬಿಲ್ಲು ನಿಮಗೆ, ಕಿರಿಕಿರಿ ಆ ನಂಬರಿನವರಿಗೆ. ಇಮೇಲಿನ ದೃಢೀಕರಣಕ್ಕೂ ಇದೇ ಅಪಾಯ. 2016ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರಿ ಇಮೇಲುಗಳನ್ನು ಸಾವಿರಾರು ಸುದ್ದಿಪತ್ರಗಳ ಫಾರ್ಮಿನಲ್ಲಿ ಬಾಟ್‌ಗಳಿಂದ ತುಂಬಿಸಿ, ಅವರ ಪೆಟ್ಟಿಗೆ ಉಕ್ಕಿ ಹರಿಯುವ ಹಾಗೆ ಮಾಡಿದ್ದರು. ಹಣ ಪಡೆಯುವ ಹಂತದಲ್ಲಿ ಒಟಿಪಿ ಸರಿ. ರೂಮು ಇದೆಯಾ ಎಂದು ಕೇಳುವವರಿಗೆ ಬೇಡ.

ಫಾರ್ಮೇ ಬೇಡ, ವಾಟ್ಸ್‌ಆಪ್ ನಂಬರು ಹಾಕಿಬಿಡೋಣ ಎನ್ನುವವರಿದ್ದಾರೆ. ಆಗಬಹುದು. ಆದರೆ ಪುಟದಲ್ಲಿ ಬರೆದ ನಂಬರನ್ನೂ ಬಾಟ್‌ಗಳು ಹೆಕ್ಕಿಕೊಂಡು ಹೋಗುತ್ತವೆ. ಮನೆಯ ನಂಬರು ಕೊಡದೆ ವ್ಯವಹಾರಕ್ಕೆಂದೇ ಬೇರೆ ಸಿಮ್ ಇಟ್ಟುಕೊಳ್ಳಿ.

## ಅತ್ತಿಗೆಯ ಫಾರ್ಮಿನಲ್ಲಿ ಈಗ

ಅಡಗಿದ ಖಾನೆ, ನಾಲ್ಕು ಸೆಕೆಂಡಿನ ಲೆಕ್ಕ, ಮೂರು ಗಂಟೆಯ ಟೋಕನ್, ಸರ್ವರಿನಲ್ಲೇ ಪರೀಕ್ಷೆ, ಗಂಟೆಗೆ ಇಷ್ಟು ಸಂದೇಶ ಎಂಬ ಸಡಿಲ ಮಿತಿ. ಅರ್ಧ ದಿನದ ಕೆಲಸ. ಒಗಟು ಹಾಕಲಿಲ್ಲ. ಅದಾದ ಮೇಲೆ ದಿನಕ್ಕೆ ಒಂದೋ ಎರಡೋ ಕಸ ಒಳಗೆ ಬರುತ್ತದೆ, ಅದೂ ಹೆಚ್ಚಾಗಿ ಮನುಷ್ಯರೇ ಕೂತು ಬರೆದ ಜಾಹೀರಾತು. ಉಳಿದದ್ದೆಲ್ಲ ಬೇರೆ ಪೆಟ್ಟಿಗೆಯಲ್ಲಿ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಅತ್ತಿಗೆ ಹಲಸಿನ ಮರದಡಿ ನಿಂತು ಆ ಪೆಟ್ಟಿಗೆ ತೆರೆಯುತ್ತಾರೆ. ಹೋದ ವಾರ ಅದರಲ್ಲೊಂದು ನಿಜವಾದ ವಿಚಾರಣೆ ಸಿಕ್ಕಿತು: ತುಮಕೂರಿನ ನಿವೃತ್ತ ದಂಪತಿ, ಶುಕ್ರವಾರದಿಂದ ಮೂರು ರಾತ್ರಿ. ಬಲೆಗೆ ಹೇಗೆ ಬಿದ್ದರು ಎಂದು ಹುಡುಕಿದರೆ, ಅಡಗಿದ ಖಾನೆಗೆ ನಾನು 'ಕಂಪನಿ' ಎಂದು ಹೆಸರಿಟ್ಟಿದ್ದೆ. ಅವರ ಬ್ರೌಸರು ಹೆಸರು, ಫೋನು ತುಂಬುವಾಗ ಅವರ ಹಳೆಯ ಕಂಪನಿಯ ಹೆಸರನ್ನೂ ಅದರಲ್ಲಿ ತಾನಾಗಿ ತುಂಬಿತ್ತು. ಬ್ರೌಸರಿಗೆ ಗುರುತು ಸಿಗದಂಥ ಬೇರೆ ಹೆಸರು ಅದಕ್ಕೆ ಇಟ್ಟೆ. ಅತ್ತಿಗೆ ಅಷ್ಟರಲ್ಲಿ ಅವರಿಗೆ ಫೋನ್ ಹಚ್ಚಿ, ಬಿಸಿನೀರು ಇದೆ, ಕೆಳಗಿನ ಕೋಣೆ ಖಾಲಿ ಇದೆ ಎಂದು ಹೇಳುತ್ತಿದ್ದರು.